ಶಿಶುವಿನ ಮೊದಲ ಮಲ, ಹಿರ್ಷ್‌ಸ್ಪ್ರಂಗ್ ಕಾಯಿಲೆ ಮತ್ತು ಕಿರುರಂಧ್ರ ಶಸ್ತ್ರಚಿಕಿತ್ಸೆ

ಮಗು ಹುಟ್ಟಿದ ಮನೆಗೆ ಹೋದವರು ತೂಕವೆಷ್ಟು, ಯಾರನ್ನು ಹೋಲುತ್ತದೆ, ಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸುತ್ತಾರೆ. ಮಗು ಮೊದಲ ಬಾರಿ ಮಲವಿಸರ್ಜನೆ ಮಾಡಿದ್ದು ಯಾವಾಗ ಎಂದು ಕೇಳುವವರು ವಿರಳ. ಕೇಳಲು ಸಂಕೋಚ, ಹೇಳಲು ಇನ್ನೂ ಸಂಕೋಚ. ಆದರೆ ಕರುಳಿನ ಹುಟ್ಟುದೋಷಗಳ ವಿಷಯದಲ್ಲಿ ವೈದ್ಯರು ತಾಯಿಗೆ ಕೇಳುವ ಮೊದಲ ಪ್ರಶ್ನೆಯೇ ಅದು. ಶ್ರೀಮಠಕ್ಕೆ ಮಕ್ಕಳನ್ನು ಕರೆತರುವ ಭಕ್ತರಲ್ಲಿ ಕೆಲವರು ಇಂತಹ ತೊಂದರೆಗಳನ್ನು ನಮ್ಮಲ್ಲಿ ತೋಡಿಕೊಳ್ಳುತ್ತಾರೆ. ಕೆಲವರ ಕೈಯಲ್ಲಿ 'ಲ್ಯಾಪರೊಸ್ಕೋಪಿ ಮಾಡಬೇಕು' ಎಂದು ಬರೆದ ಚೀಟಿ ಇರುತ್ತದೆ, ಅದರ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಆದ್ದರಿಂದ ಇವುಗಳಲ್ಲಿ ಮುಖ್ಯವಾದ ಒಂದು ಕಾಯಿಲೆಯನ್ನು, ಅದಕ್ಕೆ ಈಗ ಇರುವ ಚಿಕಿತ್ಸೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ. ನಾವು ವೈದ್ಯರಲ್ಲ. ಈ ಬರಹ ವೈದ್ಯರ ಬಳಿಗೆ ಬೇಗ ಹೋಗಲು ನೆರವಾಗಲಿ ಎಂಬುದಷ್ಟೇ ನಮ್ಮ ಆಶಯ.

ನವಜಾತ ಶಿಶುವಿನ ಮೊದಲ ಮಲ ಕಪ್ಪುಮಿಶ್ರಿತ ಹಸಿರು ಬಣ್ಣದ್ದು, ಡಾಂಬರಿನಂತೆ ಅಂಟಂಟಾಗಿರುತ್ತದೆ. ವೈದ್ಯರು ಅದನ್ನು ಮೆಕೋನಿಯಂ ಎನ್ನುತ್ತಾರೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಶಿಶುಗಳು ಇದನ್ನು 24 ಗಂಟೆಗಳೊಳಗೆ ವಿಸರ್ಜಿಸುತ್ತವೆ. ಉಳಿದವುಗಳಲ್ಲಿ ಬಹುತೇಕ 48 ಗಂಟೆಗಳೊಳಗೆ ವಿಸರ್ಜಿಸುತ್ತವೆ. ಆ ಅವಧಿ ಮೀರಿದರೆ ಮಗುವನ್ನು ಪರೀಕ್ಷಿಸಲೇಬೇಕು. ಮಲ ತಡವಾಗುವುದರ ಜೊತೆಗೆ ಹೊಟ್ಟೆ ಉಬ್ಬಿಕೊಂಡಿದ್ದರೆ, ಹಾಲು ಬೇಡವೆನ್ನುತ್ತಿದ್ದರೆ, ಹಸಿರು ವಾಂತಿಯಾದರೆ ಗಂಟೆಗಳನ್ನು ಎಣಿಸುತ್ತ ಕೂರುವಂತಿಲ್ಲ. ಇದರ ಕಾರಣಗಳಲ್ಲಿ ಪ್ರಮುಖವಾದದ್ದು ಹಿರ್ಷ್‌ಸ್ಪ್ರಂಗ್ ಕಾಯಿಲೆ. ಸುಮಾರು 5000 ಜನನಗಳಿಗೆ ಒಂದರಂತೆ ಇದು ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಮೊದಲ ಮಲ ಸಕಾಲದಲ್ಲಿ ಆದ ಮಾತ್ರಕ್ಕೆ ಈ ಕಾಯಿಲೆ ಇಲ್ಲವೆಂದು ಹೇಳಲಾಗದು. ಅಂತಹ ಮಕ್ಕಳಲ್ಲಿ ಮುಂದೆ ಬಿಡದ ಮಲಬದ್ಧತೆಯಾಗಿ ಅದು ತೋರಿಕೊಳ್ಳಬಹುದು.

ಕಾಯಿಲೆಯ ಮೂಲ

ನಾವು ಉಂಡ ಅನ್ನ ಕರುಳಿನಲ್ಲಿ ತಾನಾಗಿ ಜಾರಿ ಹೋಗುವುದಿಲ್ಲ. ಕರುಳಿನ ಗೋಡೆಯ ಸ್ನಾಯುಗಳು ಒಂದು ಕಡೆ ಬಿಗಿದು ಮುಂದಿನ ಕಡೆ ಸಡಿಲಗೊಳ್ಳುತ್ತ, ಅಲೆಯಂತೆ ಅದನ್ನು ತಳ್ಳುತ್ತವೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಗೊಳ್ಳಬೇಕು ಎಂದು ನಿರ್ದೇಶಿಸುವ ನರಕೋಶಗಳು ಕರುಳಿನ ಗೋಡೆಯೊಳಗೇ ಇವೆ. ಗರ್ಭದಲ್ಲಿ ಐದನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಈ ಕೋಶಗಳು ಅನ್ನನಾಳದ ಕಡೆಯಿಂದ ಕೆಳಮುಖವಾಗಿ ಪ್ರಯಾಣಿಸಿ ಗುದದ ಅಂಚನ್ನು ತಲುಪುತ್ತವೆ. ಕೆಲವು ಭ್ರೂಣಗಳಲ್ಲಿ ಈ ಪ್ರಯಾಣ ನಡುವೆಯೇ ನಿಂತುಬಿಡುತ್ತದೆ. ನಿಂತಲ್ಲಿಂದ ಕೆಳಗಿನ ಕರುಳಿಗೆ ಸಡಿಲಗೊಳ್ಳುವುದೇ ತಿಳಿಯದು. ಅದು ಸದಾ ಮುಷ್ಟಿ ಕಟ್ಟಿದಂತಿರುತ್ತದೆ. ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ದೋಷವಿರುವುದು ಗುದನಾಳ ಮತ್ತು ಅದಕ್ಕೆ ಹೊಂದಿಕೊಂಡ ದೊಡ್ಡಕರುಳಿನ ಕೊನೆಯ ಭಾಗದಲ್ಲಿ ಮಾತ್ರ. ಕೆಲವೇ ಮಕ್ಕಳಲ್ಲಿ ಇಡೀ ದೊಡ್ಡಕರುಳಿಗೆ ಅದು ವ್ಯಾಪಿಸಿರುತ್ತದೆ.

ಮುಂದಕ್ಕೆ ಹೋಗಲಾರದ ಮಲ ಮತ್ತು ವಾಯು ಹಿಂದೆ ಸಂಗ್ರಹಗೊಂಡು ಮೇಲಿನ ಕರುಳು ಹಿಗ್ಗುತ್ತದೆ. ಇಲ್ಲೊಂದು ವಿಚಿತ್ರವಿದೆ. ನೋಡಲು ವಿಕಾರವಾಗಿ ಉಬ್ಬಿದ ಭಾಗ ಮೂಲತಃ ಆರೋಗ್ಯವಾಗಿರುತ್ತದೆ. ಸಣ್ಣಗೆ, ಸಹಜವಾಗಿ ತೋರುವ ಭಾಗದಲ್ಲಿ ರೋಗವಿರುತ್ತದೆ. ಈ ತೋರಿಕೆ ವೈದ್ಯಲೋಕವನ್ನೇ ಅರ್ಧ ಶತಮಾನಕ್ಕೂ ಮಿಕ್ಕಿ ದಾರಿ ತಪ್ಪಿಸಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಬರ್ಲಿನ್‌ನ ವೈದ್ಯರ ಸಭೆಯಲ್ಲಿ, ಮಲಬದ್ಧತೆಯಿಂದ ನರಳಿ ತೀರಿಕೊಂಡ ಇಬ್ಬರು ಶಿಶುಗಳ ವೃತ್ತಾಂತವನ್ನು ಮಂಡಿಸಿದರು. ಕಾಯಿಲೆಗೆ ಅವರ ಹೆಸರೇ ನಿಂತಿತು. ಆದರೆ ಅವರೂ ಅವರ ನಂತರದವರೂ ಉಬ್ಬಿದ ಕರುಳೇ ರೋಗವೆಂದು ಬಗೆದರು. ಶಸ್ತ್ರವೈದ್ಯರು ಉಬ್ಬಿದ್ದನ್ನು ಕತ್ತರಿಸಿ ತೆಗೆಯುತ್ತಿದ್ದರು, ಮಗುವಿನ ತೊಂದರೆ ಮರಳುತ್ತಿತ್ತು.

ಗಂಟು ಬಿಡಿಸಿದವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಆರ್ವಾರ್ ಸ್ವೆನ್‌ಸನ್. ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡಿದಾಗ ಇಂತಹ ಮಕ್ಕಳು ಚೇತರಿಸಿಕೊಳ್ಳುವುದನ್ನೂ ಅದನ್ನು ಮುಚ್ಚಿದೊಡನೆ ಮತ್ತೆ ನರಳುವುದನ್ನೂ ಅವರು ಗಮನಿಸಿದರು. ಕರುಳಿನೊಳಗೆ ಬಲೂನುಗಳನ್ನಿಟ್ಟು ಚಲನೆಯನ್ನು ದಾಖಲಿಸಿದಾಗ, ಕೆಳಗಿನ ಸಣ್ಣ ಭಾಗದಲ್ಲಿ ಅಲೆಯೇ ಹಾಯುತ್ತಿಲ್ಲವೆಂಬುದು ಖಚಿತವಾಯಿತು. ಆ ಭಾಗವನ್ನು ತೆಗೆದು, ಮೇಲಿನ ಜೀವಂತ ಕರುಳನ್ನು ಕೆಳಕ್ಕೆಳೆದು ಗುದದ್ವಾರದ ಬಳಿ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು 1948ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಡುಹಾಮೆಲ್, ಇಟಲಿಯ ಸೋವೆ ಮುಂತಾದವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮಾರ್ಪಡಿಸಿದರು. ಇಂದು ನಡೆಯುವ ಎಲ್ಲ ವಿಧಾನಗಳ ತಿರುಳು ಸ್ವೆನ್‌ಸನ್ ತೋರಿಸಿದ್ದೇ. ಅವರು 103 ವರ್ಷ ಬದುಕಿ, ತಮ್ಮ ಚಿಕಿತ್ಸೆ ಜಗತ್ತಿನಾದ್ಯಂತ ಹರಡಿದ್ದನ್ನು ಕಣ್ಣಾರೆ ಕಂಡು 2012ರಲ್ಲಿ ಅಗಲಿದರು.

ಮಗುವಿಗೆ ಇದು ಏಕೆ ಬಂತು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರಗಳಿವೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಈಳಿಗೆ ಮುಟ್ಟಿದಳು, ಹೇಳಿದ ಪಥ್ಯ ಮಾಡಲಿಲ್ಲ. ಈ ಮಾತುಗಳಿಗೆ ಆಧಾರವಿಲ್ಲ. ನರಕೋಶಗಳ ಪ್ರಯಾಣಕ್ಕೆ ಸಂಬಂಧಿಸಿದ ಜೀನ್‌ಗಳಲ್ಲಿನ ವ್ಯತ್ಯಾಸ ಇದರ ಹಿಂದಿದೆ. ಅವುಗಳಲ್ಲಿ ಮುಖ್ಯವಾದ 'ರೆಟ್' ಎಂಬುದರ ಪಾತ್ರ 1994ರಲ್ಲಿ ಬೆಳಕಿಗೆ ಬಂತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚು. ಒಂದು ಮಗುವಿಗೆ ಇದ್ದರೆ ಮುಂದಿನ ಮಗುವಿಗೂ ಬರುವ ಸಂಭವ ಇತರರಿಗಿಂತ ಹೆಚ್ಚಿರುತ್ತದೆ, ಅಂತಹ ದಂಪತಿ ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಬಾಣಂತಿಯ ಕಣ್ಣೀರಿಗೆ ಮನೆಯವರ ಮಾತು ಇನ್ನಷ್ಟು ಸೇರಬೇಕಾಗಿಲ್ಲ.

ವೀಳ್ಯದೆಲೆಯ ತೊಟ್ಟು

ಮಗುವಿಗೆ ಮಲವಾಗದಿದ್ದರೆ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದ್ವಾರದಲ್ಲಿಡುವುದು ನಮ್ಮ ಹಳ್ಳಿಗಳ ರೂಢಿ. ಕೆಲವೆಡೆ ಸಾಬೂನಿನ ಚೂರು ಬಳಸುತ್ತಾರೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಮಗುವಿಗೆ ಹೀಗೆ ಮಾಡಿದಾಗ, ಬಿಗಿದಿದ್ದ ದ್ವಾರ ಒಮ್ಮೆಲೇ ತೆರೆದು ಮಲ ಮತ್ತು ವಾಯು ರಭಸದಿಂದ ಹೊರಬರುತ್ತವೆ, ಹೊಟ್ಟೆ ಇಳಿಯುತ್ತದೆ, ಮಗು ನಿದ್ದೆ ಹೋಗುತ್ತದೆ. ಹಿರಿಯರಿಗೆ ಸಮಾಧಾನವಾಗುತ್ತದೆ. ಎರಡು ಮೂರು ದಿನ ಕಳೆದು ಮತ್ತೆ ಹೊಟ್ಟೆ ಉಬ್ಬಿದಾಗ ಮತ್ತೆ ತೊಟ್ಟು. ವೈದ್ಯರು ಬೆರಳಿನಿಂದ ಪರೀಕ್ಷಿಸುವಾಗಲೂ ಇದೇ ರೀತಿ ರಭಸದಿಂದ ಮಲ ಬರುವುದುಂಟು, ಅದನ್ನು ಅವರು ಕಾಯಿಲೆಯ ಒಂದು ಸುಳಿವೆಂದೇ ಪರಿಗಣಿಸುತ್ತಾರೆ. ಮನೆಯಲ್ಲಿ ಮದ್ದು ಫಲಿಸಿತೆಂದು ತಿಳಿದದ್ದು ವಾಸ್ತವದಲ್ಲಿ ರೋಗದ ಲಕ್ಷಣ.

ಕೆಲವು ವರ್ಷಗಳ ಹಿಂದೆ ನಾಲ್ಕು ತಿಂಗಳ ಗಂಡುಮಗುವೊಂದನ್ನು ಆಶೀರ್ವಾದಕ್ಕೆಂದು ಶ್ರೀಮಠಕ್ಕೆ ಕರೆತಂದಿದ್ದರು. ಹೊಟ್ಟೆ ದುಂಡಗೆ ಬಿಗಿಯಾಗಿತ್ತು, ಕೈಕಾಲು ಕಡ್ಡಿಯಂತಿದ್ದವು. "ಹೊಟ್ಟೆ ತುಂಬ ಹಾಲು ಕುಡೀತಾನ್ರೀ, ಅದಕ್ಕ ಹೊಟ್ಟಿ ಹಂಗೈತಿ" ಎಂದು ಅಜ್ಜಿ ಅಭಿಮಾನದಿಂದ ಹೇಳಿದರು. ದಾಸೋಹದ ಸೇವೆಗೆ ಬರುತ್ತಿದ್ದ ನಿವೃತ್ತ ದಾದಿಯೊಬ್ಬರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಯವ್ವಾ, ಹುಟ್ಟಿದಾಗ ಎಷ್ಟನೇ ದಿನಕ್ಕ ಹೊಲಸು ಮಾಡಿಕೊಂಡಿತ್ತು?" ಎಂದು ತಾಯಿಯನ್ನು ಕೇಳಿದರು. ನಾಲ್ಕನೆಯ ದಿನ, ಅದೂ ತೊಟ್ಟಿಟ್ಟ ಮೇಲೆ, ಎಂದಳು ತಾಯಿ. ಅಂದಿನಿಂದ ಮೂರು ದಿನಕ್ಕೊಮ್ಮೆ ತೊಟ್ಟೇ ಗತಿಯಾಗಿತ್ತು. ತೋರಿಸಿದ ಒಂದು ಕಡೆ ಬರೀ ಟಾನಿಕ್ ಬರೆದುಕೊಟ್ಟಿದ್ದರಂತೆ. ನಾವೆಲ್ಲ ಆ ಮಗುವನ್ನು ನೋಡಿ ಕೈಮುಗಿದು ನಿಂತವರೇ. ಆ ಪ್ರಶ್ನೆ ಹೊಳೆದದ್ದು ಆ ತಾಯಿಯೊಬ್ಬರಿಗೆ. ಮರುದಿನವೇ ಮಗುವನ್ನು ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕಳುಹಿಸಲಾಯಿತು. ಈಗ ಅವನು ಶಾಲೆಗೆ ಹೋಗುತ್ತಾನೆ.

ಹೀಗೆ ತಡಮಾಡುವುದರಲ್ಲಿ ಪ್ರಾಣಾಪಾಯವಿದೆ. ನಿಂತ ಮಲದಲ್ಲಿ ರೋಗಾಣುಗಳು ಬೆಳೆದು ಕರುಳಿನ ಉರಿಯೂತ ಉಂಟಾಗುತ್ತದೆ. ಜ್ವರ, ಬಿಗಿದ ಹೊಟ್ಟೆ, ದುರ್ವಾಸನೆಯ ನೀರಾದ ಭೇದಿ, ಮಂಕು ಇದರ ಲಕ್ಷಣಗಳು. ಮಲಬದ್ಧತೆಯ ಮಗುವಿಗೆ ಭೇದಿಯಾಯಿತೆಂದರೆ ಕಟ್ಟಿದ್ದು ಬಿಟ್ಟಿತು ಎಂದು ಮನೆಯವರು ನಿರಾಳರಾಗುತ್ತಾರೆ. ಈ ಕಾಯಿಲೆಯಲ್ಲಿ ಮಕ್ಕಳು ತೀರಿಕೊಳ್ಳುವುದು ಬಹುಮಟ್ಟಿಗೆ ಆ ಹಂತದಲ್ಲೇ. ಸಾಬೂನು ನೀರಿನ ಅಥವಾ ಬರೀ ನೀರಿನ ಎನಿಮಾವನ್ನು ಮನೆಯಲ್ಲಿ ಕೊಡುವುದೂ ಅಪಾಯ. ಹಿಗ್ಗಿದ ಕರುಳು ಆ ನೀರನ್ನು ಹೀರಿಕೊಂಡು ರಕ್ತದ ಲವಣಾಂಶ ಕುಸಿಯಬಹುದು. ಆಸ್ಪತ್ರೆಯಲ್ಲಿ ಕರುಳು ತೊಳೆಯುವಾಗ ಬೆಚ್ಚಗಿನ ಸಲೈನ್ ಬಳಸುವುದು ಇದಕ್ಕಾಗಿಯೇ.

ರೋಗನಿರ್ಣಯಕ್ಕೆ ಗುದದ್ವಾರದ ಮೂಲಕ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುತ್ತಾರೆ. ಸಣ್ಣ ಭಾಗ ಹಿಗ್ಗಿದ ಭಾಗಕ್ಕೆ ತೆರೆದುಕೊಳ್ಳುವ ಸ್ಥಳ ಅದರಲ್ಲಿ ಕಾಣುತ್ತದೆ. ಅಂತಿಮ ನಿರ್ಣಯಕ್ಕೆ ಗುದನಾಳದ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನರಕೋಶಗಳಿವೆಯೇ ಎಂದು ನೋಡಬೇಕು. ಬಯಾಪ್ಸಿ ಎಂಬ ಪದ ಕೇಳಿದೊಡನೆ ಕ್ಯಾನ್ಸರ್ ಎಂದು ಅಂಜುವವರಿದ್ದಾರೆ. ಇಲ್ಲಿ ಅದರ ಪ್ರಶ್ನೆಯಿಲ್ಲ. ಹೀರುವ ಉಪಕರಣದಿಂದ ಎಳೆಯ ಶಿಶುವಿನಲ್ಲಿ ಈ ಚೂರು ತೆಗೆಯಲು ಸಾಮಾನ್ಯವಾಗಿ ಅರಿವಳಿಕೆಯೂ ಬೇಕಾಗುವುದಿಲ್ಲ.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ

ಹಿಂದೆ ಇದು ಮೂರು ಹಂತಗಳ ಕಾರ್ಯವಾಗಿತ್ತು. ಮೊದಲು ಹೊಟ್ಟೆಯ ಮೇಲೆ ಮಲದ್ವಾರ, ತಿಂಗಳುಗಳ ನಂತರ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ದೊಡ್ಡ ಶಸ್ತ್ರಚಿಕಿತ್ಸೆ, ಕೊನೆಗೆ ಆ ಮಲದ್ವಾರವನ್ನು ಮುಚ್ಚುವುದು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಕೀತ್ ಜಾರ್ಜ್‌ಸನ್ ಮತ್ತು ಸಂಗಡಿಗರು 1995ರಲ್ಲಿ ಲ್ಯಾಪರೊಸ್ಕೋಪಿಯ ನೆರವಿನಿಂದ ಇದನ್ನು ಒಂದೇ ಬಾರಿಗೆ ಮಾಡುವ ವಿಧಾನವನ್ನು ವರದಿ ಮಾಡಿದರು. ನಮ್ಮ ಜನ 'ದುರ್ಬೀನು ಆಪರೇಷನ್' ಎನ್ನುವುದು ಇದನ್ನೇ.

ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು, ಹೊಕ್ಕುಳಿನ ಆಸುಪಾಸಿನಲ್ಲಿ ಮೂರ್ನಾಲ್ಕು ಸಣ್ಣ ರಂಧ್ರಗಳನ್ನು ಮಾಡುತ್ತಾರೆ. ಅವುಗಳ ಅಗಲ 3ರಿಂದ 5 ಮಿಲಿಮೀಟರ್. ಇಂಗಾಲದ ಡೈಆಕ್ಸೈಡ್ ಅನಿಲವನ್ನು ಕಡಿಮೆ ಒತ್ತಡದಲ್ಲಿ ತುಂಬಿ ಹೊಟ್ಟೆಯ ಗೋಡೆಯನ್ನು ಎತ್ತಿ ಹಿಡಿಯುತ್ತಾರೆ. ಒಂದು ರಂಧ್ರದಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕಡ್ಡಿಯಂತಹ ಉಪಕರಣಗಳು. ಮೊದಲ ಕೆಲಸ ಕತ್ತರಿಸುವುದಲ್ಲ, ಹುಡುಕುವುದು. ಕರುಳಿನ ಹೊರಪದರದಿಂದ ಒಂದೊಂದು ಚೂರು ತೆಗೆದು ಪಕ್ಕದ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿಯ ವೈದ್ಯರು ಅದನ್ನು ತಕ್ಷಣ ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು ಪರೀಕ್ಷಿಸಿ, ನರಕೋಶಗಳಿವೆ ಅಥವಾ ಇಲ್ಲ ಎಂದು ತಿಳಿಸುತ್ತಾರೆ. ಮಗು ಮೇಜಿನ ಮೇಲಿರುವಾಗಲೇ ಈ ಉತ್ತರ ಬರಬೇಕು. ಆರೋಗ್ಯವಂತ ಕರುಳು ಎಲ್ಲಿಂದ ಆರಂಭವೆಂದು ನಿಶ್ಚಯವಾದ ಮೇಲೆ ಅದು ಕೆಳಗೆ ಎಟುಕುವಂತೆ ಒಳಗಿನ ಬಂಧಗಳನ್ನು ಬಿಡಿಸುತ್ತಾರೆ. ಮುಂದಿನ ಕೆಲಸ ಗುದದ್ವಾರದ ಕಡೆಯಿಂದ. ದ್ವಾರದ ಅಂಚಿಗಿಂತ ತುಸು ಮೇಲಿನಿಂದ ಒಳಪದರವನ್ನು ಬಿಡಿಸಿಕೊಳ್ಳುತ್ತ ಹೋಗಿ, ನರಕೋಶಗಳಿಲ್ಲದ ಭಾಗವನ್ನು ಅದೇ ದಾರಿಯಿಂದ ಹೊರಗೆಳೆದು ಕತ್ತರಿಸಿ, ಆರೋಗ್ಯವಂತ ಕರುಳನ್ನು ಅಲ್ಲಿಗೆ ಹೊಲಿಯುತ್ತಾರೆ. ಮಲವನ್ನು ಹಿಡಿದಿಡುವ ಸ್ನಾಯುಗಳಿಗೆ ಪೆಟ್ಟಾಗದಂತೆ ಕಾಯುವುದು ಈ ಘಟ್ಟದ ಸೂಕ್ಷ್ಮ. 1998ರಲ್ಲಿ ಮೆಕ್ಸಿಕೊದ ಲೂಯಿಸ್ ಡಿ ಲಾ ಟೊರೆ ಮತ್ತು ಅವರ ಸಹೋದ್ಯೋಗಿ, ದೋಷವಿರುವ ಭಾಗ ಚಿಕ್ಕದಾಗಿದ್ದರೆ ಹೊಟ್ಟೆಗೆ ಒಂದು ರಂಧ್ರವನ್ನೂ ಮಾಡದೆ ಇಡೀ ಕೆಲಸವನ್ನು ಗುದದ್ವಾರದಿಂದಲೇ ಮುಗಿಸಬಹುದೆಂದು ತೋರಿಸಿದರು.

ಗಾಯ ಚಿಕ್ಕದಾದ್ದರಿಂದ ನೋವು ಕಡಿಮೆ, ಹಾಲು ಕುಡಿಸುವುದನ್ನು ಬೇಗ ಆರಂಭಿಸಬಹುದು, ಆಸ್ಪತ್ರೆಯ ವಾಸ ಕಡಿಮೆ. ಹೊಟ್ಟೆಯೊಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವ ಸಂಭವವೂ ಕಡಿಮೆ. ಇಷ್ಟೆಲ್ಲ ನಿಜವಾದರೂ, ರಂಧ್ರ ಚಿಕ್ಕದೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಚಿಕ್ಕದಲ್ಲ. ಒಳಗೆ ನಡೆಯುವುದು ಅದೇ ದೊಡ್ಡ ಕೆಲಸ. ಎಳೆಯ ಶಿಶುವಿನ ದೇಹ ಆ ಅನಿಲವನ್ನು ಹೀರಿಕೊಳ್ಳುತ್ತದೆ, ಬೇಗ ತಣ್ಣಗಾಗುತ್ತದೆ. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಬೇಕು. ಉರಿಯೂತದಿಂದ ನಿತ್ರಾಣವಾದ, ಕರುಳು ಅತಿಯಾಗಿ ಹಿಗ್ಗಿದ, ಅಥವಾ ದೋಷ ಉದ್ದಕ್ಕೆ ಹರಡಿದ ಮಕ್ಕಳಿಗೆ ವೈದ್ಯರು ಇಂದಿಗೂ ಮೊದಲು ಹೊಟ್ಟೆಯ ಮೇಲೆ ಮಲದ್ವಾರವನ್ನೇ ಮಾಡುತ್ತಾರೆ. ತಪಾಸಣೆ ತಡವಾದಷ್ಟೂ ಇಂತಹ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. "ಬೇರೆಯವರ ಮಗುವಿಗೆ ದುರ್ಬೀನಿನಲ್ಲಿ ಮಾಡಿದರು, ನಮ್ಮ ಮಗುವಿಗೇಕೆ ಹೊಟ್ಟೆ ಕೊಯ್ದರು" ಎಂದು ನೊಂದುಕೊಳ್ಳುವ ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಆ ತಾತ್ಕಾಲಿಕ ಮಲದ್ವಾರವನ್ನು ಕಂಡು ಹೇಸಿ, ಮಗುವನ್ನು ಯಾರಿಗೂ ತೋರಿಸದೆ ಒಳಮನೆಯಲ್ಲಿಟ್ಟ ಕುಟುಂಬಗಳನ್ನು ನಾವು ಬಲ್ಲೆವು. ಕೆಂಪಾದ ಆ ತುದಿ ಒಳಕರುಳೇ. ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ. ಸುತ್ತಲಿನ ಚರ್ಮವನ್ನು ಒಣಗಿಸಿಟ್ಟು, ಚೀಲವನ್ನು ಸರಿಯಾಗಿ ಅಂಟಿಸಲು ದಾದಿಯರಿಂದ ಕಲಿತರೆ ಸಾಕು. ಅಂತಹ ಮಗುವಿನೊಂದಿಗೆ ಶ್ರೀಮಠಕ್ಕೆ ಬರಲು ಯಾವ ಅಡ್ಡಿಯೂ ಇಲ್ಲ.

ಇತರ ಹುಟ್ಟುದೋಷಗಳನ್ನು ಇಲ್ಲಿ ಸಂಕ್ಷೇಪವಾಗಿ ಹೆಸರಿಸುತ್ತೇವೆ. ಕರುಳು ಗರ್ಭದಲ್ಲಿ ಸರಿಯಾಗಿ ತಿರುಗಿ ನೆಲೆಗೊಳ್ಳದಿದ್ದರೆ ಹುಟ್ಟಿದ ಮೇಲೆ ತಿರುಚಿಕೊಂಡು ರಕ್ತಸಂಚಾರವೇ ನಿಲ್ಲಬಹುದು. ಇದರ ಮುಖ್ಯ ಲಕ್ಷಣ ಹಸಿರು ವಾಂತಿ. ಬಾಸ್ಟನ್‌ನ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆಯನ್ನು ಈಗ ಕೆಲವು ಮಕ್ಕಳಲ್ಲಿ ಕಿರುರಂಧ್ರಗಳ ಮೂಲಕವೂ ಮಾಡುತ್ತಾರೆ, ಆದರೆ ತಿರುಚಿ ಕರುಳು ಕಪ್ಪಾಗುವ ಸ್ಥಿತಿಯಲ್ಲಿ ಹೊಟ್ಟೆ ತೆರೆಯುವುದೇ ಕ್ಷೇಮ. ಸಣ್ಣಕರುಳಿನ ಆರಂಭದಲ್ಲೇ ದಾರಿ ಮುಚ್ಚಿರುವ ದೋಷ ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಎರಡು ಗುಳ್ಳೆಗಳಂತೆ ತೋರುವುದರಿಂದ ಮೊದಲೇ ತಿಳಿಯಬಹುದು. ಗುದದ್ವಾರವೇ ಇಲ್ಲದೆ ಹುಟ್ಟುವ ಮಕ್ಕಳಲ್ಲಿ ಕೆಲವರಿಗೆ, ಕರುಳು ಮೇಲೆಯೇ ನಿಂತಿದ್ದರೆ, ಲ್ಯಾಪರೊಸ್ಕೋಪಿ ನೆರವಾಗುತ್ತದೆ. ಈ ವಿಧಾನವನ್ನು 2000ದಲ್ಲಿ ವರದಿ ಮಾಡಿದವರೂ ಜಾರ್ಜ್‌ಸನ್ ತಂಡದವರೇ.

ನಮ್ಮ ರಾಜ್ಯದಲ್ಲಿ ಸಹಜ ಹೆರಿಗೆಯಾದವರು ಎರಡು ಮೂರು ದಿನಗಳಲ್ಲಿ ಮನೆ ಸೇರುತ್ತಾರೆ. ಆಸ್ಪತ್ರೆ ಬಿಡುವ ಮುನ್ನ ಮಗುವಿಗೆ ಮಲವಾಗಿದೆಯೇ ಎಂಬುದನ್ನು ದಾದಿಯರಿಗೆ ತಾಯಿಯೇ ಹೇಳಬೇಕು. ಆಶಾ ಕಾರ್ಯಕರ್ತೆಯರು ಮೂರನೆಯ ಮತ್ತು ಏಳನೆಯ ದಿನ ಮನೆಗೆ ಬಂದಾಗಲೂ ಸಂಕೋಚ ಬಿಟ್ಟು ಹೇಳಬೇಕು. ಶಿಶುವಿನ ತೊಟ್ಟಿಲು ಶಾಸ್ತ್ರ ಮುಗಿಯಲಿ ಎಂದು ಆಸ್ಪತ್ರೆಯನ್ನು ಮುಂದೂಡುವುದು ಬೇಡ, ತೊಟ್ಟಿಲು ಕಾಯುತ್ತದೆ. ಹೋಗಬೇಕಾದದ್ದು ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ಕಡೆಗೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅಂತಹ ವಿಭಾಗವಿದೆ, ಹಲವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ, ಹಸಿರು ವಾಂತಿಯಾಗುತ್ತಿದ್ದರೆ ಕಾಗದಗಳಿಗಾಗಿ ನಿಲ್ಲದೆ 108ಕ್ಕೆ ಕರೆಮಾಡಿ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಮಗು ದಿನಕ್ಕೆ ಅನೇಕ ಬಾರಿ ಮಲ ಮಾಡಿಕೊಳ್ಳುತ್ತದೆ, ಕೂರುವ ಜಾಗದ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ವೈದ್ಯರು ಹೇಳಿದ ಮುಲಾಮನ್ನು ದಪ್ಪವಾಗಿ ಹಚ್ಚಿ ಗಾಳಿಯಾಡಲು ಬಿಡಬೇಕು. ಎರಡು ಮೂರು ವಾರಗಳ ನಂತರ ಜೋಡಣೆ ಬಿಗಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಬಿಗಿಯಿದ್ದರೆ ಹಿಗ್ಗಿಸುವ ಕ್ರಮವನ್ನು ತಾಯಿಗೆ ಕಲಿಸುವುದುಂಟು. ಕೆಲವು ಮಕ್ಕಳಲ್ಲಿ ಮಲಬದ್ಧತೆ ಉಳಿಯುತ್ತದೆ, ಕೆಲವರಿಗೆ ಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಸೋರುತ್ತದೆ. ಶಾಲೆಗೆ ಸೇರುವ ವಯಸ್ಸಿನಲ್ಲಿ ಇದಕ್ಕಾಗಿ ಮಗುವನ್ನು ಗದರಿಸದೆ ಶಸ್ತ್ರವೈದ್ಯರಿಗೆ ಮತ್ತೆ ತೋರಿಸಬೇಕು, ಅದಕ್ಕೂ ಚಿಕಿತ್ಸೆಯಿದೆ. ಹಿಂದೆ ಹೇಳಿದ ಕರುಳಿನ ಉರಿಯೂತ ಶಸ್ತ್ರಚಿಕಿತ್ಸೆಯ ನಂತರವೂ, ವಿಶೇಷವಾಗಿ ಮೊದಲ ವರ್ಷಗಳಲ್ಲಿ, ಬರಬಹುದು. ಜ್ವರ, ಉಬ್ಬಿದ ಹೊಟ್ಟೆ, ದುರ್ವಾಸನೆಯ ಭೇದಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇರೆ ಊರಿನಲ್ಲಿ, ಬೇರೆ ವೈದ್ಯರ ಬಳಿಯಾದರೂ ಸರಿ, ಡಿಸ್ಚಾರ್ಜ್ ಚೀಟಿ ಮತ್ತು ಬಯಾಪ್ಸಿ ವರದಿಯ ಪ್ರತಿಯನ್ನು ಮೊದಲು ಅವರ ಕೈಗೆ ಕೊಡಿ.